ಒಂದು ಬೇಸಿಗೆಯೂ ಬಾಳದ ಬೈಕು

ಜೂನ್ 3, ಶುಕ್ರವಾರ. ಬಿ.ಪಿ. 170/100

ದಿನಾ ಬಿ.ಪಿ. ಬರೆದಿಡಿ ಅಂತ ಡಾಕ್ಟರಮ್ಮ ಕೊಟ್ಟ ಪುಸ್ತಕ ಇದು. ಬರೀ ಅಂಕಿ ಬರೆದರೆ ಏನು ಬಂತು? ಅದನ್ನು ಏರಿಸಿದವನ ಹೆಸರೂ ಇರಲಿ. ಮುಕಾಶ್.

ಹದಿನಾರು ವರ್ಷ ಆದ ಮೇಲೆ ನನ್ನ ಬೈಕನ್ನು ವಾಪಸ್ ಕಳಿಸಿದ್ದಾನೆ. ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆಗೆಯುವ ಹೊತ್ತಿಗೆ ಬೆಟ್ಟದ ಕೊಚ್ಕೋರ್ ಕಡೆಯ ಉಣ್ಣೆ ಲಾರಿ ಎದುರಿಗೆ ನಿಂತಿತ್ತು. ಮೂಟೆಗಳ ನಡುವೆ, ಹಗ್ಗ ಬಿಗಿಸಿಕೊಂಡು, ಪಕ್ಕಕ್ಕೆ ಕೂಡಿಸಿದ ಸೈಡ್‌ಕಾರ್ ತೊಟ್ಟಿಲ ಸಮೇತ ನನ್ನ ಬೈಕು. ಡ್ರೈವರ್ ಟಾಲಾಯ್ ಇಳಿದು ತಲೆ ಕೆರೆದುಕೊಂಡ.

"ಅಕ್ಕಾ, ಮುಕಾಶಣ್ಣ ಇದನ್ನ ಕೊಟ್ಟು ಬಾ ಅಂದ."

"ಬೇರೆ ಏನಂದ?"

"ಏನೂ ಇಲ್ಲ. ಕೊಟ್ಟು ಬಾ ಅಂದ, ಅಷ್ಟೆ."

ತೊಟ್ಟಿಲಲ್ಲಿ ಒಂದು ಬಟ್ಟೆ ಚೀಲ. ಅದರ ತುಂಬ ಕುರುತ್, ಉಪ್ಪು ಹಾಕಿ ಒಣಗಿಸಿದ ಮೊಸರುಂಡೆ. ಹದಿನಾರು ವರ್ಷಕ್ಕೆ ಒಂದು ಚೀಲ ಮೊಸರುಂಡೆ! ಚೀಲವನ್ನು ನಾಯಿಯ ಮುಂದೆ ಸುರಿದೆ.

ಬೇರೆ ಅಪ್ಪಂದಿರು ಮದುವೆಗೆ ಮಗಳಿಗೆ ರಜಾಯಿ ಕೊಟ್ಟರು, ಪೆಟ್ಟಿಗೆ ಕೊಟ್ಟರು. ಸಾಮೂಹಿಕ ಜಮೀನಿನ ಮೆಕ್ಯಾನಿಕ್ ಆಗಿದ್ದ ನನ್ನಪ್ಪ ಈ ಬೈಕು ಕೊಟ್ಟ. ಅರವತ್ತೆಂಟರದು, ಒಂದೇ ಸಿಲಿಂಡರು, ಕತ್ತೆಯ ಹಾಗೆ ದುಡಿಯುತ್ತಿತ್ತು. ತೊಂಬತ್ತೈದರಲ್ಲಿ ಆ ಸಾಮೂಹಿಕ ಜಮೀನು ಒಡೆದು ಕುರಿ ಹಂಚಿದಾಗ ನನ್ನ ಗಂಡನಾಗಿದ್ದ ಮುಕಾಶನಿಗೆ ಬೆಟ್ಟ ಬೇಕಾಯಿತು, ನನಗೆ ಕೆಳಗೆ ಬಯಲಿನ ಟೊಕ್ಮೊಕ್‌ನಲ್ಲಿ ಈ ಗ್ಯಾರೇಜು ಬೇಕಾಯಿತು. ಬೇರೆಯಾದೆವು. ತವರಿನಿಂದ ತಂದದ್ದು ಹೆಂಗಸಿನ ಜೊತೆ ಹಿಂದಿರುಗಬೇಕು, ಅದು ಎಲ್ಲರಿಗೂ ಗೊತ್ತಿರುವ ಪದ್ಧತಿ. ಆದರೆ ಏಳು ಜನ ಹಿರಿಯರ ಮುಂದೆ ಮುಕಾಶ್ ಎದ್ದು ನಿಂತು ಅಂದ: "ಈ ಎಡಗೈಯವಳ ಕೈಗೆ ಕೊಟ್ರೆ ಈ ಬೈಕು ಒಂದು ಬೇಸಿಗೆಯೂ ಬಾಳಲ್ಲ." ಹಿರಿಯರು ನಕ್ಕರು. ಅವನ ದೊಡ್ಡಪ್ಪ ಬೈತಿಕಜ್ಜ ಎಲ್ಲರಿಗಿಂತ ಜೋರಾಗಿ ನಕ್ಕ. ರಜಾಯಿಗಳು ನನಗೆ ಬಂದವು. ಬೈಕು ಅವನಲ್ಲೇ ಉಳಿಯಿತು.

ಆ ನಗು ಇವತ್ತಿಗೂ ಕಿವಿಯಲ್ಲಿದೆ.

ಮೂರನೇ ಒದೆತಕ್ಕೆ ಸ್ಟಾರ್ಟ್ ಆಯಿತು. ಸೇತುವೆಯವರೆಗೆ ಹೋಗಿ ಬಂದೆ. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದರೆ ಕಾರ್ಬುರೇಟರ್ ಕೆಮ್ಮುತ್ತದೆ, ಸಿಲಿಂಡರ್ ಕಾದ ಹಂಚು. ಪ್ಲಗ್ ಬಿಚ್ಚಿದರೆ ಸುಣ್ಣದ ಹಾಗೆ ಬಿಳಿ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಹೀಗೇ ಒಂದು ಉದ್ದದ ದಾರಿ ಓಡಿಸಿದರೆ ಪಿಸ್ಟನ್ ತೂತು ಬೀಳುತ್ತದೆ.

ಆಗ ಅರ್ಥವಾಯಿತು. ಬೈಕು ನನ್ನ ಕೈಯಲ್ಲೇ ಸುಟ್ಟುಹೋಗಲಿ ಅಂತ ಏನೋ ಮಾಡಿ ಕಳಿಸಿದ್ದಾನೆ. "ನೋಡಿದ್ರಾ, ಒಂದು ಬೇಸಿಗೆ ಬಾಳಲಿಲ್ಲ" ಅನ್ನಬೇಕು ಅವನಿಗೆ. ಅನ್ನಲಿ. ಇದನ್ನು ಸರಿ ಮಾಡುತ್ತೇನೆ. ಸೋನ್‌ಕೋಲ್ ಸರೋವರದ ಹತ್ತಿರ ಅವನು ಬೇಸಿಗೆ ಕಳೆಯುವ ಹುಲ್ಲುಗಾವಲಿಗೆ ಇದರಲ್ಲೇ ಹತ್ತುತ್ತೇನೆ. ಅವನ ನೆಂಟರೆಲ್ಲ ನೋಡುವಾಗ ಅವನ ಡೇರೆಗೆ ಮೂರು ಸುತ್ತು ಹಾಕಿ, ಅವರ ಮನೆ ರೊಟ್ಟಿಯ ಒಂದು ಚೂರೂ ಬಾಯಿಗಿಡದೆ ತಿರುಗಿ ಬರುತ್ತೇನೆ. ಶತ್ರು ಕೂಡ ರೊಟ್ಟಿ ಮುಟ್ಟದೆ ಹೊಸ್ತಿಲು ಬಿಟ್ಟು ಹೋಗುವುದಿಲ್ಲ. ನಾನು ಹೋಗುತ್ತೇನೆ. ಸಾಯುವತನಕ ಆ ಅವಮಾನ ಅವನ ಬೆನ್ನಿಗಂಟಿರಬೇಕು.

ಜೂನ್ 5, ಭಾನುವಾರ. ಬಿ.ಪಿ. 168/98

ಟ್ಯಾಂಕಿನಿಂದ ಶುರು ಮಾಡಿದೆ. ನಲ್ಲಿ ಬಿಚ್ಚಿ ಪೆಟ್ರೋಲನ್ನು ಗಾಜಿನ ಜಾಡಿಗೆ ಬಿಟ್ಟೆ. ಧಾರೆ ದಪ್ಪಗೆ, ಒಂದೇ ಸಮ. ಜಾಲರಿ ಚೊಕ್ಕ. ಟ್ಯಾಂಕಿನ ಮುಚ್ಚಳದ ಗಾಳಿತೂತೂ ತೆರೆದೇ ಇದೆ. ಇಲ್ಲಿ ಕೈ ಹಾಕಿಲ್ಲ ಕಳ್ಳ.

ಓಡುತ್ತಿರುವಾಗ ಕಾರ್ಬುರೇಟರಿನ ಬಾಯಿಯನ್ನು ಅಂಗೈಯಿಂದ ಅರ್ಧ ಮುಚ್ಚಿದೆ. ತಕ್ಷಣ ಕೆಮ್ಮು ನಿಂತು ಸದ್ದು ತುಂಬಿಕೊಂಡಿತು. ಅನುಮಾನವೇ ಇಲ್ಲ, ಪೆಟ್ರೋಲಿಗೆ ಹಸಿದಿದೆ.

ನಾಯಿ ಕುರುತ್ ಮೂಸಿ ನೋಡಿ ಬಿಟ್ಟಿತು. ಆಯ್ದು ಚೀಲಕ್ಕೆ ತುಂಬಿದೆ. ಇರುವೆ ಬರುತ್ತವೆ ಅಂತ, ಅಷ್ಟೆ.

ಜೂನ್ 8, ಬುಧವಾರ. ಬಿ.ಪಿ. 165/98

ಕಾರ್ಬುರೇಟರ್ ಸಿಲಿಂಡರಿಗೆ ಕೂಡುವ ಕಡೆ ಗಾಳಿ ಕದಿಯುತ್ತಿದೆಯೇನೋ ಅಂದುಕೊಂಡು ಸೋಪಿನ ನೊರೆ ಹಚ್ಚಿದೆ. ನೊರೆ ಒಳಗೆ ಎಳೆದುಕೊಳ್ಳಲಿಲ್ಲ. ಕ್ರ್ಯಾಂಕಿನ ಸೀಲುಗಳ ಹತ್ತಿರವೂ ನೋಡಿದೆ. ಇಲ್ಲ. ಗ್ಯಾಸ್ಕೆಟ್ ಹೊಸದು, ಕೈಯಿಂದ ಕತ್ತರಿಸಿದ್ದು, ಅಂಚು ನೀಟಾಗಿದೆ.

ಚೆನ್ನಾಗಿ ಇಟ್ಟುಕೊಂಡಿದ್ದಾನೆ. ಅದೇ ಮೈ ಉರಿಯುವುದು. ಚೆನ್ನಾಗಿ ಇಟ್ಟುಕೊಂಡವನಿಗೆ ಎಲ್ಲಿ ಕೆಡಿಸಿದರೆ ಕಾಣುವುದಿಲ್ಲ ಅನ್ನುವುದೂ ಗೊತ್ತಿರುತ್ತದೆ.

ಜೂನ್ 11, ಶನಿವಾರ. ಬಿ.ಪಿ. 166/96

ಪಕ್ಕದ ಅಂಗಡಿಯ ರಹೀಲಾ ಊಟದ ಹೊತ್ತಿಗೆ ಲಗ್‌ಮನ್ ಶಾವಿಗೆ ತಂದು ಎದುರಿಗೆ ಕೂತಳು. ಎಂಟು ದಿನದಿಂದ ನಾನು ಬೇರೆಯವರ ಬೈಕು ಮುಟ್ಟಿಲ್ಲ ಅನ್ನುವುದು ಅವಳ ದೂರು.

"ಕಾಲಿಪಕ್ಕಾ, ಹೊರಗೆ ನಾಲ್ಕು ಜನ ಕಾಯ್ತಿದಾರೆ. ನೀವು ಇದಕ್ಕೆ ಹಾಲು ಕುಡಿಸ್ತಾ ಕೂತಿದೀರಿ."

"ಹಾಲಲ್ಲ ಕಣೇ, ವಿಷ ಇಳಿಸ್ತಿದೀನಿ."

"ಅವನು ಏನೋ ಮಾಡಿದಾನೆ ಅಂತ ನಿಮಗೆ ಯಾರು ಹೇಳಿದ್ರು?"

"ಈ ಪ್ಲಗ್ಗು ಹೇಳ್ತು."

ಅವಳು ಪ್ಲಗ್ಗನ್ನು ಬೆಳಕಿಗೆ ಹಿಡಿದು, ಆಮೇಲೆ ನಾನು ಅದನ್ನು ಎಷ್ಟು ದೂರ ಹಿಡಿದು ನೋಡುತ್ತೇನೆ ಅಂತಲೂ ನೋಡಿದಳು. "ಕನ್ನಡಕ ಹಾಕ್ಕೊಳ್ಳಿ ಅಂತ ಎಷ್ಟು ಸಲ ಹೇಳಿದೀನಿ" ಅಂದಳು. ನನ್ನ ಬೆರಳಿಗೆ ಕಣ್ಣಿದೆ ಅಂದೆ. ಶಾವಿಗೆಯಲ್ಲಿ ಖಾರ ಜಾಸ್ತಿಯಾಗಿತ್ತು. ಖಾರಕ್ಕೆ ಅಂತ ಒಂದು ಕುರುತ್ ಬಾಯಿಗೆ ಹಾಕಿಕೊಂಡೆ.

ಜೂನ್ 12, ಭಾನುವಾರ. ಬಿ.ಪಿ. 171/100

ಏನೂ ಸಿಗಲಿಲ್ಲ. ಅವನ ಕುರಿಗಳಿಗೆಲ್ಲ ಕಾಲುಬೇನೆ ಬರಲಿ.

ಜೂನ್ 15, ಬುಧವಾರ. ಬಿ.ಪಿ. 164/96

ಇವತ್ತು ಕಾರ್ಬುರೇಟರನ್ನೇ ಕಳಚಿ ಮೇಜಿನ ಮೇಲೆ ಹರಡಿದೆ. ಫ್ಲೋಟ್ ಮಟ್ಟ ಅಳೆದೆ, ಸರಿ. ಸೂಜಿಯ ಕ್ಲಿಪ್ಪು ನಡುವಿನ ಕಚ್ಚಿನಲ್ಲಿ, ಸರಿ. ಅದನ್ನು ಒಂದು ಕಚ್ಚು ಕೆಳಗೆ ಇಳಿಸಿ ಓಡಿಸಿದೆ, ಸೂಜಿ ಮೇಲೇರಿದರೆ ಪೆಟ್ರೋಲ್ ಹೆಚ್ಚು ಸಿಗಬೇಕು. ನಿಧಾನದಲ್ಲಿ ಕೊಂಚ ವಾಸಿ, ಪೂರ್ತಿ ತಿರುಗಿಸಿದರೆ ಮತ್ತೆ ಅದೇ ಕೆಮ್ಮು. ಅಂದರೆ ತಪ್ಪು ಮೇನ್ ಜೆಟ್ಟಿನಲ್ಲಿ, ಪೂರ್ತಿ ವೇಗದಲ್ಲಿ ಪೆಟ್ರೋಲ್ ಹಾಯುವ ಆ ಹಿತ್ತಾಳೆ ತೂತಿನಲ್ಲಿ. ಅದನ್ನು ಬಿಚ್ಚಿ ಬಾಯಿಂದ ಊದಿದೆ. ಗಾಳಿ ಸಲೀಸಾಗಿ ಆಚೆ ಹೋಯಿತು. ಪೆಟ್ರೋಲಿನಲ್ಲಿ ತೊಳೆದು ಮತ್ತೆ ಊದಿದೆ. ಹೋಯಿತು.

ಹಾಗಾದರೆ ಎಲ್ಲಿ? ಇಪ್ಪತ್ತೇಳು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಟೊಕ್ಮೊಕ್‌ನಲ್ಲಿ ನಾನು ಬಿಚ್ಚದ ಬೈಕಿಲ್ಲ. ಈ ಕುರಿ ಕಾಯುವವನು ಬಚ್ಚಿಟ್ಟದ್ದನ್ನು ಹುಡುಕಲಾಗುತ್ತಿಲ್ಲ. ಅವನು ಅಲ್ಲಿ ಕುದುರೆ ಹಾಲಿನ ಕುಮಿಸ್ ಕುಡಿಯುತ್ತ ನಗುತ್ತಿರುತ್ತಾನೆ. ಬೈತಿಕಜ್ಜನೂ ನಗುತ್ತಿರುತ್ತಾನೆ, ಇನ್ನೂ ಬದುಕಿದ್ದರೆ.

ಜೂನ್ 17, ಶುಕ್ರವಾರ. ಬಿ.ಪಿ. 160/95

ಟಾಲಾಯ್ ಲಾರಿಯ ಬ್ರೇಕ್ ತೋರಿಸಲು ಬಂದಿದ್ದ. ನಾನು ಏನೂ ಕೇಳಲಿಲ್ಲ. ತಾನೇ ಶುರು ಮಾಡಿದ.

"ಚಳಿಗಾಲದಲ್ಲಿ ಮುಕಾಶಣ್ಣನ್ನ ಕುದುರೆ ಒದೀತಕ್ಕಾ. ಮಂಡಿಚಿಪ್ಪು ಪುಡಿ. ಇನ್ನು ಕಿಕ್ ಹೊಡಿಯಕ್ಕಾಗಲ್ಲ."

"ಆ ಕುದುರೆಗೆ ಸಕ್ಕರೆ ತಿನ್ನಿಸಬೇಕು."

"ಅಯ್ಯೋ, ಹಂಗನ್ನಬೇಡಿ."

"ಯಾವ ಮಂಡಿ?"

"ಬಲಗಡೇದು."

ಕೇಳಿದ್ದು ಸುಮ್ಮನೆ. ಕಿಕ್ ಹೊಡೆಯುವ ಕಾಲು ಯಾವುದು ಅಂತ ತಿಳಿಯಲು. ಬೈತಿಕಜ್ಜ ಇನ್ನೂ ಬದುಕಿದ್ದಾನಂತೆ, ಎಂಬತ್ತೊಂಬತ್ತು. ಒಳ್ಳೆಯದಾಯಿತು. ನೋಡುವವರು ಇಲ್ಲದಿದ್ದರೆ ಸೇಡಿಗೆ ರುಚಿ ಎಲ್ಲಿ.

ಬೈಕು ಮಾರಬಹುದಿತ್ತಲ್ಲ ಅವನು. ಈ ಹಳೇ ಬೈಕಿಗೆ ರಾಜಧಾನಿ ಬಿಷ್ಕೆಕ್‌ನಿಂದ ಜನ ಹುಡುಕಿಕೊಂಡು ಬರುತ್ತಾರೆ. ಯಾಕೆ ಮಾರಲಿಲ್ಲವೋ. ನನ್ನನ್ನು ಹಾಳುಮಾಡುವ ಸುಖ ಅದಕ್ಕಿಂತ ದೊಡ್ಡದಿರಬೇಕು.

ಜೂನ್ 19, ಭಾನುವಾರ. ಬಿ.ಪಿ. 182/104

ಸಿಕ್ಕಿತು. ಸಿಕ್ಕಿತು. ಸಿಕ್ಕಿತು.

ರಹೀಲಾ ತನ್ನ ಕನ್ನಡಕವನ್ನೇ ತಂದು ನನ್ನ ಮೂಗಿನ ಮೇಲೆ ಕೂರಿಸಿ "ಈಗ ನೋಡಿ ಬೆರಳಮ್ಮ" ಅಂದಳು. ಜೆಟ್ಟನ್ನು ಸೂರ್ಯನಿಗೆ ಹಿಡಿದೆ. ತೂತು ದುಂಡಗಿರಬೇಕು. ಅರ್ಧಚಂದ್ರದ ಹಾಗೆ ಕಂಡಿತು. ಒಳಗೆ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿ! ತುದಿಯನ್ನು ಜೆಟ್ಟಿನ ಕುತ್ತಿಗೆಗೆ ಮೂರು ಸುತ್ತು ಸುತ್ತಿ ಒಳಕ್ಕೆ ಮಡಚಿದ್ದಾನೆ. ಕಪ್ಪಾಗಿ ಹಿತ್ತಾಳೆಗೆ ಅಂಟಿಕೊಂಡುಬಿಟ್ಟಿದೆ, ಬರಿಗಣ್ಣಿಗೆ ಎಲ್ಲಿಂದ ಕಾಣಬೇಕು. ಗಾಳಿ ಹೋಗುವಷ್ಟು ಜಾಗ ಬಿಟ್ಟು, ಪೆಟ್ರೋಲಿನ ಕತ್ತು ಹಿಸುಕಿದ್ದಾನೆ.

ಅನುಮಾನ ಬೇರೆ, ಕಣ್ಣಾರೆ ಕಾಣುವುದು ಬೇರೆ. ಜಗಳ ಆಡಿದವನು, ಬೈಕು ಕೊಡದವನು, ಸರಿ. ಆದರೆ ಇಂಜಿನ್ನಿಗೆ ಮೋಸ ಮಾಡುವವನಾಗಿರಲಿಲ್ಲ. ಈಗ ಅದೂ ಆದ.

ಕೆಲಸ ಮಾತ್ರ ಅಚ್ಚುಕಟ್ಟು. ಬೇರೆಯವರು ಸುತ್ತಿದ ತಂತಿ ಬಿಚ್ಚುವಾಗ ನನ್ನ ಕೈಗೆ ಯಾವಾಗಲೂ ತಿರುಗುಮುರುಗು ಆಗಿ ಹಿಂಸೆ. ಇದು ಹೇಳಿದ ಮಾತು ಕೇಳಿದ ಹಾಗೆ ಬಿಚ್ಚಿಕೊಂಡಿತು. ಅವನಿಗೆ ಯಾರು ಕಲಿಸಿದರೋ.

ತಂತಿಯನ್ನು ಬೆಂಕಿಪೊಟ್ಟಣದಲ್ಲಿಟ್ಟು ಮೇಲೆ "ಸಾಕ್ಷಿ" ಅಂತ ಬರೆದೆ. ಇನ್ನು ಮೂರು ಸುತ್ತು ಸಾಲದು. ಬೈತಿಕಜ್ಜನ ಎದುರಿಗೆ ಇದನ್ನು ಅವನ ಮುಖಕ್ಕೆ ಎಸೆಯಬೇಕು.

ಜೂನ್ 20, ಸೋಮವಾರ. ಬಿ.ಪಿ. 158/94

ತಂತಿ ಇಲ್ಲದ ಜೆಟ್ ಹಾಕಿ, ಸೂಜಿಯನ್ನು ಮೊದಲಿನ ಕಚ್ಚಿಗೇ ಕೂರಿಸಿ ಸೇತುವೆ ದಾಟಿ ಓಡಿಸಿದೆ. ಅಬ್ಬಾ! ಕೆಮ್ಮಿಲ್ಲ, ಕಾವಿಲ್ಲ. ಪ್ಲಗ್ಗು ಹೊಸ ರೊಟ್ಟಿಯ ಅಂಚಿನ ಬಣ್ಣಕ್ಕೆ ತಿರುಗಿದೆ. ಅಪ್ಪ ಹಿಂದೆ ಕೂತು "ಮೆಲ್ಲಗೆ ಕಣೇ" ಅನ್ನುತ್ತಿದ್ದ ಕಾಲದ ಸದ್ದೇ ಬಂತು. ಬೇಕಿಲ್ಲದಿದ್ದರೂ ಇನ್ನೊಂದು ಸಲ ಹೋಗಿ ಬಂದೆ.

ಜೂನ್ 24, ಶುಕ್ರವಾರ. ಬಿ.ಪಿ. 150/92

ನಾಳೆ ಹೊರಡುವುದು. ಕಾಯುತ್ತಿದ್ದವರ ಬೈಕುಗಳನ್ನೆಲ್ಲ ಮುಗಿಸಿದೆ. ಕುರುತ್ ಚೀಲ ನೋಡಿದರೆ ಖಾಲಿ. ಹೇಗೆ ಖಾಲಿಯಾಯಿತೋ, ರಹೀಲಾ ತಿಂದಿರಬೇಕು. ಒಗೆದು ಒಣಗಿಸಿ ಚೆರ್ರಿ ಹಣ್ಣು ತುಂಬಿದೆ. ಬಂದ ಚೀಲವನ್ನು ಖಾಲಿ ಕಳಿಸುವವಳು ಅನ್ನಿಸಿಕೊಳ್ಳಬಾರದು ನೋಡಿ. ಅದು ನನ್ನ ಮರ್ಯಾದೆಯ ಮಾತು, ಅವನಿಗೂ ಅದಕ್ಕೂ ಸಂಬಂಧವಿಲ್ಲ. ಕೊಳೆತದ್ದನ್ನು ಆರಿಸಿ ತೆಗೆದೆ.

ರಹೀಲಾ ಕೇಳಿದಳು, "ರೊಟ್ಟಿ ಮುಟ್ಟಲ್ಲ, ಆದ್ರೆ ಹಣ್ಣು ಕೊಡ್ತೀರಿ?"

"ಮೊದಲು ಹಣ್ಣು, ಆಮೇಲೆ ಮುಖಕ್ಕೆ ತಂತಿ" ಅಂದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಇದರಲ್ಲಿ ನಗುವುದು ಏನಿದೆಯೋ.

ಜೂನ್ 26, ಭಾನುವಾರ. ಬಿ.ಪಿ. ಇಲ್ಲ, ಯಂತ್ರ ಟೊಕ್ಮೊಕ್‌ನಲ್ಲಿದೆ

ಎಲ್ಲಿ ಕೂತು ಬರೆಯುತ್ತಿದ್ದೇನೆ ಅನ್ನುವುದನ್ನು ಆಮೇಲೆ ಬರೆಯುತ್ತೇನೆ.

ನಿನ್ನೆ ಕೊಚ್ಕೋರ್ ದಾಟುವತನಕ ಬೈಕು ಹಾಡಿಕೊಂಡು ಬಂತು. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಬಾಯಿಪಾಠ ಮಾಡಿದೆ. "ಮುಕಾಶ್, ಇದು ನಿನ್ನ ಕೈಕೆಲಸ" ಅಂತ ಶುರು. ಕಲ್ಮಾಕ್ ಘಾಟಿಯ ತಿರುವುಗಳು ಬಂದ ಮೇಲೆ ಸದ್ದು ಭಾರವಾಯಿತು. ಐದನೇ ತಿರುವಿಗೆ ಕಪ್ಪು ಹೊಗೆ. ಏಳನೇ ತಿರುವಿನಲ್ಲಿ ಮುಗ್ಗರಿಸಿ ನಿಂತೇಬಿಟ್ಟಿತು. ಪ್ಲಗ್ ಬಿಚ್ಚಿದೆ. ಮಸಿ, ಒದ್ದೆ. ಬಿಳಿಯಾಗಿದ್ದದ್ದು ಈಗ ಕಾಡಿಗೆ.

ಮುಕಾಶನನ್ನು ಬೈಯಲು ಬಾಯಿ ತೆರೆದೆ. ಮಾತು ಹೊರಡುವ ಮೊದಲೇ ಉಸಿರು ಕಟ್ಟಿತು, ನಾಲ್ಕು ಹೆಜ್ಜೆ ಬೈಕು ತಳ್ಳಿದ್ದಕ್ಕೇ. ಆಗ ಹೊಳೆಯಿತು.

ಮೂರು ಸಾವಿರ ಮೀಟರ್. ಗಾಳಿ ತೆಳು. ನನಗೇ ಸಾಲದ ಗಾಳಿ ಇಂಜಿನ್ನಿಗೆ ಎಲ್ಲಿಂದ ಸಾಲಬೇಕು? ಗಾಳಿ ಕಮ್ಮಿಯಾದ ಕಡೆ ಪೆಟ್ರೋಲೂ ಕಮ್ಮಿ ಮಾಡಬೇಕು. ಬೆಟ್ಟದಲ್ಲಿ ಬೈಕು ಓಡಿಸುವ ಯಾವ ಕುರಿಗಾಹಿಗೂ ಗೊತ್ತಿರುವ ವಿಷಯ. ಹದಿನಾರು ವರ್ಷ ಕೆಳಗೆ ಕೂತು ನಾನು ಮರೆತಿದ್ದೆ. ಬೈಕು ಕೆಟ್ಟೇ ಇರಲಿಲ್ಲ. ಮೇಲಿನ ಗಾಳಿಗೆ ಹೊಂದಿಸಿದ ಬೈಕನ್ನು ಕೆಳಗಿನ ಗಾಳಿಯಲ್ಲಿ ಓಡಿಸಿ ಮೂರು ವಾರ ಒಬ್ಬನನ್ನು ಶಪಿಸಿದೆ.

ಬೇರೆ ದಾರಿ ಇರಲಿಲ್ಲ. ಬೆಂಕಿಪೊಟ್ಟಣ ತೆಗೆದು ಸಾಕ್ಷಿಯನ್ನು ಮತ್ತೆ ಜೆಟ್ಟಿನೊಳಗೆ ಹಾಯಿಸಿದೆ. ತುದಿಯನ್ನು ಕುತ್ತಿಗೆಗೆ ಸುತ್ತತೊಡಗಿದೆ. ತಂತಿ ಅದೇ ಹಳೆಯ ಮಡಿಕೆಗಳಲ್ಲಿ ತಾನಾಗಿ ಕೂತುಕೊಂಡಿತು. ಒಂದು, ಎರಡು, ಮೂರು. ಎಡಗೈಯವರು ಸುತ್ತುವ ಕಡೆಗೆ.

ಮುಕಾಶ್ ಬಲಗೈಯವನು.

ತೊಂಬತ್ತನಾಲ್ಕರ ಬೇಸಿಗೆ. ಇದೇ ಘಾಟಿಯಲ್ಲಿ ಹೀಗೇ ಹೊಗೆ ಕಕ್ಕಿ ನಿಂತಿತ್ತು. ಕೆಟ್ಟ ರೇಡಿಯೋದಿಂದ ಒಂದು ಎಳೆ ತಂತಿ ಕಿತ್ತು ಜೆಟ್ಟಿಗೆ ಸುತ್ತಿದವಳು ನಾನೇ. ಜೆಟ್ಟು ಉರುಳಿಹೋಗದ ಹಾಗೆ ಟೋಪಿಯನ್ನು ಅಂಗಾತ ಹಿಡಿದು ನನ್ನೆದುರು ಕೂತಿದ್ದವನು ಅವನು. ನಾನು ಬೆಳಕಿಗೆ ಅಡ್ಡ ಬರಬೇಡ ಅಂತ ಅವನಿಗೆ ಬೈದದ್ದೂ ನೆನಪಾಯಿತು. ಬಾಯಿಪಾಠ ಮಾಡಿದ ಮಾತುಗಳಲ್ಲಿ ಒಂದೂ ಕೆಲಸಕ್ಕೆ ಬರುವ ಹಾಗಿರಲಿಲ್ಲ.

ಬೈಕು ಎರಡನೇ ಒದೆತಕ್ಕೆ ಎದ್ದು ಘಾಟಿ ಹತ್ತಿತು.

ಮುಕಾಶನ ಡೇರೆಗೆ ಮೂರು ಸುತ್ತು ಹಾಕಲು ಹೊರಟವಳು ಒಂದೂವರೆ ಸುತ್ತಿಗೆ ನಿಲ್ಲಿಸಿದೆ. ನಾಯಿಗಳು ಬೆನ್ನು ಹತ್ತಿದವು, ಚೆರ್ರಿ ಚೀಲ ಉರುಳುವ ಹಾಗಾಯಿತು. ಡೇರೆಯಿಂದ ಮುಕಾಶ್ ಕೋಲೂರಿ ಬಂದ. ಗಡ್ಡ ಬೆಳ್ಳಗಾಗಿದೆ. ನನ್ನ ಮುಖ ನೋಡಲಿಲ್ಲ, ತಲೆ ವಾಲಿಸಿ ಇಂಜಿನ್ ಕೇಳಿದ.

"ಕಾರ್ಬುರೇಟರ್ ಬಿಚ್ಚಿದ್ಯಾ?"

"ಬಿಚ್ಚಿದೆ."

"ಸರಿಯಾಗೇ ಕೂರಿಸಿದೀಯ ಬಿಡು."

ಹಿಂದೆಯೇ ಅವನ ಹೆಂಡತಿ ಗುಲ್ಸುನ್ ಬಂದಳು. ಅವಳನ್ನು ನಾನು ನೋಡಿದ್ದೇ ಮೊದಲು. ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಮೇಲಿಂದ ಕೆಳಗೆ ಅಳೆದಳು.

"ನೀವೇನಾ ಅಕ್ಕಾ ಅದು? ಇದರ ಮೈಯೆಲ್ಲ ಒರೆಸಿ ಒರೆಸಿ ನನ್ನ ಬೆನ್ನು ಹೋಯ್ತು. ಪೆಟ್ರೋಲ್ ಹೋಗೋ ಆ ಒಂದು ಡಬ್ಬಿ ಮಾತ್ರ ಮುಟ್ಟೋ ಹಾಗಿಲ್ಲ. ಕೊಚ್ಕೋರಿಂದ ಮೆಕ್ಯಾನಿಕ್ ಬಂದ್ರೂ ಅಷ್ಟೆ. 'ಅದನ್ನ ಕಾಲಿಪಾ ಕೂರಿಸಿದ್ದು, ಯಾವನಾದ್ರೂ ಮುಟ್ಟಿದ್ರೆ ಬೆರಳು ಮುರೀತೀನಿ' ಅಂತಾನೆ. ಮದುವೆಯಾಗಿ ಬಂದಾಗಿಂದ ಕೇಳ್ತಿದೀನಿ ಈ ಮಾತು. ನನ್ನ ಅಡುಗೆ ಬಗ್ಗೆ ಒಂದು ಸಲ ಹಿಂಗಂದಿದ್ರೆ ಆಗ್ತಿತ್ತು."

ಮುಕಾಶ್ ಹುಲ್ಲು ನೋಡುತ್ತ ನಿಂತಿದ್ದ. ನಾನು ಜೇಬಿನೊಳಗೆ ಖಾಲಿ ಬೆಂಕಿಪೊಟ್ಟಣವನ್ನು ಅಮುಕಿ ಹಿಡಿದೆ.

ಡೇರೆಯ ನೆರಳಲ್ಲಿ ಕಂಬಳಿ ಹೊದ್ದು ಕೂತಿದ್ದ ಬೈತಿಕಜ್ಜ ಆಗ ಬಾಯಿ ತೆರೆದ. ಕಿವಿ ಮಂದ, ಅದಕ್ಕೆ ಕಿರುಚಿದ ಹಾಗೇ ಮಾತು. ಅಲ್ಲಿದ್ದ ಎಂಟು ಡೇರೆಗಳಿಗೂ ಕೇಳಿಸಿರಬೇಕು.

"ಲೇ ಮುಕಾಶ್! ಇವಳ ಕೈ ಬಿದ್ದ ಬೈಕು ಒಂದು ಬೇಸಿಗೆ ಬಾಳಲ್ಲ ಅಂದಿದ್ಯಲ್ಲೋ?"

"ಅಂದಿದ್ದೆ ದೊಡ್ಡಪ್ಪ."

"ಎಷ್ಟು ಬಾಳ್ತು?"

ಮುಕಾಶ್ ಕೋಲನ್ನು ಇನ್ನೊಂದು ಕೈಗೆ ಬದಲಾಯಿಸಿದ. ಎಲ್ಲರೂ ನೋಡುತ್ತಿದ್ದರು.

"ಹದಿನಾರು" ಅಂದ. ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ, "ಆವತ್ತು ಬೇರೆ ಮಾತು ಸಿಗಲಿಲ್ಲ ಕಾಲಿಪಾ. ಬೈಕು ಇಲ್ಲಿದ್ರೆ ರಿಪೇರಿಗಾದ್ರೂ ಬರ್ತೀಯ ಅಂದ್ಕೊಂಡೆ. ಹಾಳಾದ್ದು, ಕೆಡಲೇ ಇಲ್ಲ."

ಯಾರೂ ನಗಲಿಲ್ಲ. ಹದಿನಾರು ವರ್ಷ ಕಾದದ್ದು ಈ ಗಳಿಗೆಗೇ. ಸಿಕ್ಕಿತು, ಕೈ ತುಂಬ ಸಿಕ್ಕಿತು. ಗೆದ್ದೆ ಅಂತ ಎಗರಬೇಕಿತ್ತು. ಮೂಗು ಸೋರತೊಡಗಿತು, ಬೆಟ್ಟದ ಗಾಳಿಗೆ.

ಗುಲ್ಸುನ್ ರೊಟ್ಟಿ ಮುಂದೆ ಹಿಡಿದಳು. ಮೂರು ತುಂಡು ತಿಂದೆ. ಅವಳ ಬೆನ್ನು ಹೋದದ್ದಕ್ಕೆ ಒಂದು, ಹಸಿವಿಗೆ ಎರಡು. ಈಗ ಅವರ ಡೇರೆಯಲ್ಲೇ ಕೂತು ಬರೆಯುತ್ತಿದ್ದೇನೆ. ಅವನನ್ನು ಕ್ಷಮಿಸಿಲ್ಲ. ರಿಪೇರಿಗೆ ಬಾ ಅಂತ ಬಾಯಿಬಿಟ್ಟು ಕರೆಯಲು ಅವನಿಗೇನಾಗಿತ್ತು?

ಜೂನ್ 29, ಬುಧವಾರ. ಬಿ.ಪಿ. 136/84

ನಿನ್ನೆ ಹಿಂದಿರುಗಿದೆ. ಘಾಟಿ ಇಳಿದ ಮೇಲೆ ರಸ್ತೆ ಪಕ್ಕ ನಿಲ್ಲಿಸಿ, ಕನ್ನಡಕ ಹಾಕಿಕೊಂಡು ತಂತಿ ಬಿಚ್ಚಿದೆ. ಕನ್ನಡಕ ಮುಕಾಶನದು. ಅವನಿಗೆ ಇನ್ನೊಂದು ಇದೆಯಂತೆ. ದಾರಿಯುದ್ದಕ್ಕೂ ಬೈಕು ಕೆಮ್ಮಲಿಲ್ಲ.

ಡಾಕ್ಟರಮ್ಮ ಪುಸ್ತಕದ ಅಂಕಿಗಳನ್ನಷ್ಟೇ ನೋಡಿ ಹೊಸ ಮಾತ್ರೆ ನಿಮಗೆ ಹಿಡಿಸಿದೆ ಅಂದಳು. ಇರಬಹುದು.

ಚೀಲವನ್ನು ಗುಲ್ಸುನ್ ಮತ್ತೆ ಕುರುತ್ ತುಂಬಿ ತೊಟ್ಟಿಲಿಗೆ ತುರುಕಿದ್ದಾಳೆ. ತೊಂದರೆ. ಖಾಲಿ ಕಳಿಸುವ ಹಾಗಿಲ್ಲ. ಆಗಸ್ಟಿನಲ್ಲಿ ಸೇಬು ಬರುತ್ತದೆ.

ತಂತಿ ಬೆಂಕಿಪೊಟ್ಟಣದಲ್ಲೇ ಇದೆ. ಮೇಜಿನ ಮೇಲಿಟ್ಟರೆ ರಹೀಲಾ ಒಲೆ ಹಚ್ಚಲು ಎತ್ತಿಕೊಂಡು ಹೋಗುತ್ತಾಳೆ. ಅದಕ್ಕೆ "ಸಾಕ್ಷಿ" ಅನ್ನುವುದನ್ನು ಹೊಡೆದುಹಾಕಿ ದಪ್ಪಕ್ಷರದಲ್ಲಿ ಬರೆದೆ: ಮುಟ್ಟಿದರೆ ಬೆರಳು ಮುರಿಯುತ್ತೇನೆ.